ಗೋಟಿ ಕಾಕಾನ ಮುಂದಿನ ಭಾನುವಾರ

ಕಳೆದ ವಾರ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ, ‘ಮಧ್ಯಾಹ್ನ ನೀರು ಬಂದ್’ ಎಂಬ ಸೂಚನೆಗೂ ಲಿಫ್ಟಿನಲ್ಲಿ ಯಾರೋ ಪಾನ್ ಉಗಿದ ಫೋಟೊಗೂ ನಡುವೆ ಒಂದು ಸಾವಿನ ಸುದ್ದಿ ಬಂತು. ಟಿಟ್ವಾಳಾದಲ್ಲಿ, ಹೃದಯಾಘಾತ. ಬೆಳಿಗ್ಗೆ ಚಹಾ ಕುಡಿದು ಕುರ್ಚಿಯಲ್ಲಿ ಕೂತವರು ಏಳಲೇ ಇಲ್ಲವಂತೆ. ಹೆಸರು ನೋಡಿ ಯಾರಿಗೂ ಗುರುತು ಹತ್ತಲಿಲ್ಲ. ‘ಕೌನ್?’, ‘ಯಾವ ವಿಂಗು?’ ಎಂದೆಲ್ಲ ಕೇಳಿದರು. ಕೊನೆಗೆ ಒಬ್ಬರು ‘ಅರೇ, ವೋ ಗೋಟಿ ಕಾಕಾ’ ಎಂದು ಬರೆದ ಮೇಲೆ ಕೈಮುಗಿದ ಚಿತ್ರಗಳು ಸಾಲಾಗಿ ಇಳಿದವು. ಎಲ್ಲರಿಗಿಂತ ಮೊದಲು ಕೈಮುಗಿದವರು ನಮ್ಮ ಸೆಕ್ರೆಟರಿ. ಗೋಟಿ ಕಾಕಾನ ಹಸಿರು ಹಾಸನ್ನು ಕಿತ್ತು ಹಾಕಿಸಿದವರೂ ಈ ಸೆಕ್ರೆಟರಿಯೇ. ನಾನೂ ಕೈಮುಗಿದೆ. ಚಿತ್ರದಲ್ಲಿ ಎಲ್ಲರ ಕೈಯೂ ಒಂದೇ ಹಳದಿ ಬಣ್ಣ. ಯಾವುದು ಯಾರದೆಂದು ದೇವರೂ ಹೇಳಲಾರ.

ನನ್ನ ಕಸುಬಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಮಿಮಿಕ್ರಿಯವನು. ಹೊಟ್ಟೆಪಾಡು ಐರೋಲಿಯ ಕಾಲ್ ಸೆಂಟರಿನಲ್ಲಿ. ಅಲ್ಲೂ ದಿನವಿಡೀ ಯಾರದೋ ಉಚ್ಚಾರದಲ್ಲಿ ಯಾರಿಗೋ ಕ್ಷಮೆ ಕೇಳುವ ಕೆಲಸ. ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಅಧ್ಯಕ್ಷರ ಭಾಷಣ ಮುಗಿದ ಕೂಡಲೇ ಅದೇ ಭಾಷಣವನ್ನು ನಾನು ಇನ್ನೊಮ್ಮೆ ಮಾಡುತ್ತೇನೆ; ಜನ ಕೇಳಿಸಿಕೊಳ್ಳುವುದು ಎರಡನೆಯದನ್ನು. ಹೋಟೆಲಿನ ಗಲ್ಲಾದಲ್ಲಿ ಕೂತು ಗಿರಾಕಿಯ ಮುಖ ನೋಡದೆ ‘ಎಂತ ಆಯ್ತು?’ ಎನ್ನುವ ನನ್ನ ಅಪ್ಪ, ಮೂಗಿನಿಂದಲೇ ಇಂಗ್ಲಿಷ್ ಆಡುವ ಸೆಕ್ರೆಟರಿ, ಎಲ್ಲಿಗೆ ಹೊರಟಿರೆಂದು ‘ಕುಠೇ ಚಾಲ್ಲಾತ್?’ ಹಾಕಿ ಮಂತ್ರಿಗಳನ್ನೂ ತಡೆಯಬಲ್ಲ ನಮ್ಮ ವಾಚ್‌ಮನ್, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ಮನೆಯ ಯಜಮಾನ ಮಾತ್ರ ಊರಲ್ಲಿಲ್ಲ. ‘ಒಮ್ಮೆ ನಿನ್ನದೇ ಸ್ವರದಲ್ಲಿ ಮಾತಾಡು ಮಗಾ’ ಎಂದು ಅಮ್ಮ ಹೇಳುವುದುಂಟು. ಪ್ರಯತ್ನಪಟ್ಟರೆ ಅದೂ ಅಪ್ಪನ ಸ್ವರವಾಗಿಯೇ ಹೊರಬರುತ್ತದೆ.

ಘೋಡಬಂದರ್ ರಸ್ತೆಯಲ್ಲಿ ಫ್ಲ್ಯಾಟು ಮಾರುವವರು ಫ್ಲ್ಯಾಟಿಗಿಂತ ಹೆಚ್ಚಾಗಿ ಚಿತ್ರಗಳನ್ನು ಮಾರುತ್ತಾರೆ. ನಮ್ಮ ಕಟ್ಟಡದ ಕರಪತ್ರದಲ್ಲಿ ಬಿಳಿಯ ಪ್ಯಾಂಟಿನ ಒಬ್ಬ ಪರದೇಶಿ ಬಾಗಿ ನಿಂತು, ಮಖಮಲ್ಲಿನಂಥ ಹುಲ್ಲಿನ ಮೇಲೆ ಚೆಂಡನ್ನು ಗುಳಿಗೆ ಉರುಳಿಸುತ್ತಿದ್ದ. ಕೆಳಗೆ ಗಾಲ್ಫಿನ ಭಾಷೆಯಲ್ಲಿ ‘ಪಟಿಂಗ್ ಗ್ರೀನ್’ ಎಂದು ಬರೆದಿತ್ತು. ಬೀಗದ ಕೈ ಕೊಡುವ ಹೊತ್ತಿಗೆ ಅದು ಪೋಡಿಯಮ್ಮಿನ ಮೇಲೆ, ಅಂದರೆ ಕಾರು ನಿಲ್ಲಿಸುವ ಮಹಡಿಗಳ ನೆತ್ತಿಯ ಬಯಲಿನಲ್ಲಿ, ಎರಡು ಚಾಪೆಯಗಲದ ಪ್ಲಾಸ್ಟಿಕ್ ಹುಲ್ಲಾಗಿ ಬಂದು ಕೂತಿತ್ತು. ಅದಕ್ಕೊಂದು ಗುಳಿ, ಗುಳಿಗೊಂದು ಕೆಂಪು ಬಾವುಟ. ಮಕ್ಕಳು ಗುಳಿಯಲ್ಲಿ ಚಾಕೊಲೇಟ್ ಕಾಗದ ತುಂಬುತ್ತಿದ್ದರು, ಮುದುಕಿಯರು ಹಪ್ಪಳ ಒಣಗಿಸುತ್ತಿದ್ದರು. ಅದನ್ನು ಅದರ ಹೆಸರಿಗೆ ತಕ್ಕ ಹಾಗೆ ಬಳಸಿದ ಒಬ್ಬನೇ ಮನುಷ್ಯ ಈಗ ತೀರಿಕೊಂಡ ಇವರು. ಮಕ್ಕಳ ಕಣ್ಣಿಗೆ ಅದು ಗೋಟಿ, ಅಂದರೆ ಗೋಲಿ ಆಟ, ಹಾಗಾಗಿ ಅವರಿಗೆ ಗೋಟಿ ಕಾಕಾ; ನನಗೆ ಅಂಕಲ್.

ನಾನು ಮೊದಲ ಸಲ ನೋಡಿದಾಗ ಬೆಳಿಗ್ಗೆ ಹತ್ತರ ಸುಮಾರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಪೆನ್ನು, ಪಾಲಿಶ್ ಹಾಕಿದ ಬೂಟು. ಹುಲ್ಲಿನ ಮೇಲೆ ಎರಡು ಸ್ಟೀಲ್ ಲೋಟ ಇಟ್ಟುಕೊಂಡು, ಅವುಗಳ ನಡುವೆ ಒಂದು ಸಪೂರ ಕೋಲನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದರು.

“ಅಂಕಲ್, ಚಾಯ್ ಬರ್ಲಿಕ್ಕೆ ಉಂಟಾ?” ಎಂದೆ.

ತಲೆ ಎತ್ತಲಿಲ್ಲ. “ಲೋಟ ಅಲ್ಲ ಮಾರಾಯ, ಗೇಟು. ಕೋಲು ಲೋಟಕ್ಕೆ ತಾಗದೆ ಹೋಗಿ ಬರ್ಬೇಕು. ತಾಗಿದ್ರೆ ಕೈ ವಕ್ರ ಅಂತ ಅರ್ಥ.”

ಠಣ್ ಎಂದಿತು.

“ವಕ್ರ ಉಂಟು,” ಎಂದು ಅವರೇ ಹೇಳಿದರು.

ಅಂಬರನಾಥದ ಒಂದು ಬಣ್ಣದ ಕಾರ್ಖಾನೆಯಲ್ಲಿ ಅವರು ಪರ್ಚೇಸ್ ಮ್ಯಾನೇಜರ್ ಆಗಿದ್ದರು. ಇಡೀ ಥಾಣೆ ಬೆಳಿಗ್ಗೆ ಮುಂಬಯಿಯ ಕಡೆಗೆ ಬಾಗಿಲಲ್ಲಿ ನೇತಾಡುತ್ತ ಹೋಗುವಾಗ ಇವರು ಎದುರು ದಿಕ್ಕಿನ ಲೋಕಲ್ಲಿನಲ್ಲಿ ಕಿಟಕಿ ಪಕ್ಕ ಕೂತು ಹೋಗಿ ಬಂದವರು. ಅದು ಅವರ ಜೀವನದ ದೊಡ್ಡ ಹೆಮ್ಮೆ. ‘ವಿಂಡೋ ಸೀಟು, ಅದೂ ಗಾಳಿಯ ಬದಿ’ ಎಂದು ಪದವಿಯ ಹಾಗೆ ಹೇಳಿಕೊಳ್ಳುತ್ತಿದ್ದರು. ಕಾರ್ಖಾನೆ ಗುಜರಾತಿಗೆ ಎದ್ದು ಹೋಯಿತು. ಯಂತ್ರಗಳನ್ನು ಕಟ್ಟಿಕೊಂಡು ಹೋದರು, ಇವರನ್ನು ಬಿಟ್ಟು ಹೋದರು. ಐವತ್ತು ದಾಟಿದ ಮೇಲೆ ಅರ್ಜಿ ಹಾಕಿದ ಕಡೆಯಿಂದ ಇಲ್ಲ ಎಂಬ ಉತ್ತರವೂ ಬರುವುದಿಲ್ಲವಂತೆ. “ಪರ್ಚೇಸಲ್ಲಿ ನಾನು ದಿನವಿಡೀ ಇಲ್ಲ, ಆಗುದಿಲ್ಲ ಅಂತ ಹೇಳಿ ಹೇಳಿಯೇ ಸಂಬಳ ತಕ್ಕೊಂಡವನು. ಆದ್ರೆ ಹೇಳ್ತಿದ್ದೆ. ಸುಮ್ಮನೆ ಕೂತ್ಕೊಳ್ತಿರ್ಲಿಲ್ಲ,” ಎಂದಿದ್ದರು ಒಮ್ಮೆ.

ಆ ಪಟರ್, ಅಂದರೆ ಚೆಂಡನ್ನು ಗುಳಿಗೆ ಉರುಳಿಸುವ ಚಪ್ಪಟೆ ಮೂತಿಯ ಕೋಲು, ಅವರು ಕೊಂಡದ್ದಲ್ಲ. ಡ್ರಮ್ಮು ಸಪ್ಲೈ ಮಾಡುವವನೊಬ್ಬ ಯಾವುದೋ ದೀಪಾವಳಿಗೆ ಕೊಟ್ಟ ಉಡುಗೊರೆ. ಪರ್ಚೇಸಿನವರ ಮನೆಗೆ ದೀಪಾವಳಿಯಲ್ಲಿ ಗೋಡಂಬಿ ಬರುತ್ತದೆ, ಗೋಡೆ ಗಡಿಯಾರ ಬರುತ್ತದೆ. ಆ ಸಲ ಮೂರು ಚೆಂಡಿನ ಜೊತೆ ಇದು ಬಂದಿತ್ತು. ಡಬ್ಬ ಒಡೆಯದೆ ಲಾಫ್ಟಿಗೆ ಹಾಕಿದ್ದರು. ಕೆಲಸ ಹೋದ ಮೇಲಿನ ದೀಪಾವಳಿಗೆ ಏನೂ ಬರಲಿಲ್ಲ. ಗೋಡಂಬಿಯ ಡಬ್ಬಗಳಿಗೆಂದು ಆಂಟಿ ಮೇಜು ಖಾಲಿ ಮಾಡಿ ಇಟ್ಟಿದ್ದರಂತೆ. ಆಂಟಿ ಎಂದರೆ ಅವರ ಹೆಂಡತಿ. ಹತ್ತಿರದ ಶಾಲೆಯಲ್ಲಿ ಟೀಚರ್.

ಪಟರ್ ಲಾಫ್ಟಿನಿಂದ ಇಳಿದದ್ದಕ್ಕೆ ಕಾರಣ ಒಂದು ಫೋನು. ಊರ ಕಡೆಯ ಕಾಲೇಜಿನಲ್ಲಿ ಇವರ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳೆಯರೊಬ್ಬರು ನವಿ ಮುಂಬಯಿಯ ಒಂದು ಕಂಪನಿಯಲ್ಲಿ ಡೈರೆಕ್ಟರ್. ತುಂಬ ವರ್ಷಗಳ ಮೇಲೆ ಇವರು ಫೋನ್ ಮಾಡಿದಾಗ ಆ ಮನುಷ್ಯ, ‘ಅರೇ ದೋಸ್ತಾ! ಗಾಲ್ಫ್ ಆಡ್ತೀಯಾ? ಬಾ, ಮುಂದಿನ ಸಂಡೇ ಅಲ್ಲೇ ಕೂತು ಮಾತಾಡುವ’ ಎಂದರು. ಇಲ್ಲ ಎಂದೇ ಸಂಬಳ ತೆಗೆದುಕೊಂಡವರು ಆ ಒಂದು ಸಲ ‘ಹ್ಞಾ, ಸ್ವಲ್ಪ ಸ್ವಲ್ಪ’ ಎಂದುಬಿಟ್ಟರು.

ಮುಂದಿನ ಸಂಡೇಗೆ ಮಳೆ ಹಿಡಿಯಿತು. ಮಳೆ ಬಿಟ್ಟ ಮೇಲೆ ಗಣಪತಿ ಬಂದ. ಅವನು ಹೋದ ಮೇಲೆ ಡೈರೆಕ್ಟರು ದುಬೈಗೆ ಹೋದರು. ಪ್ರತಿ ಸಲವೂ ವಾಟ್ಸಾಪಿನಲ್ಲಿ ಒಂದು ಧ್ವನಿ ಸಂದೇಶ ಬರುತ್ತಿತ್ತು: ‘ನೆಕ್ಸ್ಟ್ ಸಂಡೇ ಪಕ್ಕಾ ನೋಡುವ ಯಾರ್.’ ನಾನು ಅವರಿಗೆ ಸಂಡೇ ಸಾಹೇಬ ಎಂದು ಹೆಸರಿಟ್ಟೆ. ಅಂಕಲ್ ನಗಲಿಲ್ಲ. “ಬಿಜಿ ಇರ್ತಾನೆ ಮಾರಾಯ. ಬಿಜಿ ಇಲ್ಲದವನ ಹತ್ರ ಕೆಲಸ ಕೇಳಿ ಎಂತ ಪ್ರಯೋಜನ?”

“ಬರೀ ಉರುಳಿಸುವುದನ್ನೇ ಯಾಕೆ ಕಲೀತೀರಿ ಅಂಕಲ್? ದೂರ ಹೊಡೆಯುವುದು ಬೇಡ್ವಾ?” ಎಂದು ಕೇಳಿದ್ದೆ.

“ದೂರ ಹೊಡೆಯುವುದಕ್ಕೆ ಸೊಂಟ ನೋವು ಅಂದ್ರೆ ಆಯ್ತು. ಗುಳಿಯ ಹತ್ರ ಎಲ್ರೂ ಸುತ್ತ ನಿಲ್ತಾರೆ. ಮಾತು ಆಗುವುದು ಅಲ್ಲಿ. ಅಲ್ಲಿ ಕೈ ನಡುಗಬಾರ್ದು.”

ಹಾಗೆ ಶುರುವಾದದ್ದು. ಮೊಬೈಲಿನಲ್ಲಿ ಯಾವನೋ ಅಮೆರಿಕದವನ ವೀಡಿಯೊ ನೋಡಿ ಒಂದೊಂದೇ ಕಸರತ್ತು ಕಲಿತರು. ಗುಳಿಯ ಸುತ್ತ ಗಡಿಯಾರದ ಅಂಕಿಗಳ ಹಾಗೆ ಸೋಡಾ ಬಾಟಲಿಯ ಮುಚ್ಚಳ ಇಟ್ಟು, ಪ್ರತಿ ಮುಚ್ಚಳದಿಂದಲೂ ಚೆಂಡನ್ನು ಒಳಗೆ ಹಾಕುವುದು. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ. ಆರೇಳರ ಹತ್ತಿರ ಬಂದಾಗ ಯಾವ ಮಗುವಾದರೂ ಬಂದು ‘ಗೋಟಿ ಕಾಕಾ, ಏಕ್ ಮುಝೆ ಭೀ’ ಎಂದು ಮುಚ್ಚಳ ಎತ್ತಿಕೊಂಡು ಓಡುತ್ತಿತ್ತು. ಒಂದು ಸಲ ಹತ್ತಿರ, ಒಂದು ಸಲ ಸ್ವಲ್ಪ ದೂರ, ಮತ್ತೂ ದೂರ, ಏಣಿ ಹತ್ತಿದ ಹಾಗೆ ಉರುಳಿಸುವುದು ಇನ್ನೊಂದು. ಎರಡೂ ಕಂಕುಳಲ್ಲಿ ಒಂದು ಬೈರಾಸನ್ನು, ನಮ್ಮ ಕಡೆಯ ಆ ತೆಳು ಟವೆಲನ್ನು, ಎದೆಯ ಮೇಲಿಂದ ಅಡ್ಡ ಸಿಕ್ಕಿಸಿಕೊಂಡು ಹೊಡೆಯುವುದು ಮತ್ತೊಂದು. ಬೈರಾಸು ಬಿದ್ದರೆ ತೋಳು ಮೈಬಿಟ್ಟಿತು ಎಂದು ಲೆಕ್ಕ. ಆ ಭಂಗಿಯಲ್ಲಿ ಅವರು ಸ್ನಾನಕ್ಕೆ ನೀರು ಕಾಯುತ್ತಿರುವ ಮದುಮಗನ ಹಾಗೆ ಕಾಣುತ್ತಿದ್ದರು. ನಾನು ಅದನ್ನು ಸಂಘದ ವೇದಿಕೆಯಲ್ಲಿ ಮಾಡಿ ತೋರಿಸಿದ್ದೇನೆ. ಮೊದಲ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಎಲ್ಲಕ್ಕಿಂತ ಕಷ್ಟದ್ದು ತಲೆಯ ಕಸರತ್ತು. ಚೆಂಡು ಹೊರಟ ಮೇಲೂ ತಲೆ ಎತ್ತಿ ನೋಡಬಾರದು. ಚೆಂಡು ಇದ್ದ ಜಾಗವನ್ನೇ ನೋಡುತ್ತ, ಗುಳಿಯಲ್ಲಿ ಟೊಳಕ್ ಎನ್ನುವುದನ್ನು ಕೇಳಬೇಕು. “ಕಿವಿಯಲ್ಲಿ ನೋಡ್ಬೇಕು,” ಎನ್ನುತ್ತಿದ್ದರು. “ಏನಾಯ್ತು ಅಂತ ತಲೆ ಎತ್ತಿದ್ರೆ ಭುಜ ತಿರುಗ್ತದೆ, ಕೆಲಸ ಕೆಡ್ತದೆ.” ಮೊದಮೊದಲು ಅವರು ಎಲ್ಲ ಸಲವೂ ತಲೆ ಎತ್ತಿದರು. ಮಳೆಗಾಲದಲ್ಲಿ ಮನೆಯ ಹಜಾರದಲ್ಲಿ ಅಭ್ಯಾಸ ಮಾಡಿದರು. ಚೆಂಡು ಫ್ರಿಜ್ಜಿನ ಕೆಳಗೆ ಹೋದರೆ ಅದೇ ಪಟರಿನಿಂದ ಕೆದಕಿ ತೆಗೆಯುತ್ತಿದ್ದರು.

“ಆ ಕೋಲು ಬಿಟ್ಟು ಎರಡು ಕಾಯಿ ತುರಿದು ಕೊಡಿ, ಅದಕ್ಕೂ ಭುಜ ತಿರುಗ್ಬಾರ್ದು,” ಎಂದು ಅಡಿಗೆಮನೆಯಿಂದ ಆಂಟಿ.

ಚಳಿಗಾಲದ ಹೊತ್ತಿಗೆ ತಲೆ ನಿಂತಿತು. ಕೈ ನಿಂತಿತು. ಆಗ ಅವರಿಗೆ ಇನ್ನೊಂದು ಹೊಳೆಯಿತು. ಒಂದು ಸಂಜೆ ನನ್ನನ್ನು ಕರೆದು, ಫೋನಿನಲ್ಲಿದ್ದ ಸಂಡೇ ಸಾಹೇಬರ ಧ್ವನಿ ಸಂದೇಶಗಳನ್ನೆಲ್ಲ ಒಂದರ ಹಿಂದೊಂದು ಕೇಳಿಸಿದರು.

“ಇವನ ಸ್ವರ ತೆಗೀಲಿಕ್ಕೆ ಆಗ್ತದಾ ನಿನಗೆ?”

ಸುಲಭದ ಗಿರಾಕಿ. ಮೊದಲು ಗಂಟಲು ಸರಿಮಾಡುವುದು, ಆಮೇಲೆ ‘ಅರೇ ದೋಸ್ತಾ’, ಆಮೇಲೆ ಪ್ರತಿ ಮಾತಿನ ಬಾಲವನ್ನು ಎಳೆದು ಅಲ್ಲೇ ಬಿಟ್ಟುಬಿಡುವುದು. ನಾನು ಎರಡು ಮಾತು ಆಡಿದೆ. ಅಂಕಲ್ ತಟ್ಟನೆ ನೆಟ್ಟಗೆ ನಿಂತು ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡರು.

“ಇನ್ನು ನೀನು ಹೀಗೆ ಮಾಡು. ನಾನು ಕೋಲು ಹಿಂದೆ ತೆಗೆಯುವಾಗ ಇವನ ಸ್ವರದಲ್ಲಿ ಕೇಳು, ‘ಮತ್ತೆ? ಈಗ ಎಲ್ಲಿದ್ದೀಯಾ?’ ಅಂತ.”

ಕೇಳಿದೆ. ಬೈರಾಸು ಬಿತ್ತು. ಚೆಂಡು ಹಪ್ಪಳದ ಕಡೆ ಹೋಯಿತು.

ಇದೇ ಅವರ ಕೊನೆಯ ಕಸರತ್ತು. ಆ ವೀಡಿಯೊಗಳಲ್ಲಿ ಎಲ್ಲೂ ಇಲ್ಲದ್ದು. ಪ್ರಶ್ನೆ ಬೀಳಬೇಕು, ಉತ್ತರ ಹೇಳಬೇಕು, ಬೈರಾಸು ನಿಲ್ಲಬೇಕು, ಚೆಂಡು ಒಳಗೆ ಹೋಗಬೇಕು, ಅಷ್ಟರಲ್ಲಿ ತಲೆ ಎತ್ತಬಾರದು. ಉತ್ತರವನ್ನೂ ತಿದ್ದುತ್ತಲೇ ಇದ್ದರು. ಮೊದಲು ‘ಕನ್ಸಲ್ಟಿಂಗ್ ಮಾಡ್ತಾ ಇದ್ದೇನೆ’ ಎಂದಿತ್ತು. ಯಾರಿಗೆ ಎಂದು ಕೇಳಿದರೆ ಹೇಳಲು ಏನೂ ಇರಲಿಲ್ಲ, ತೆಗೆದರು. ‘ಮನೆಯಲ್ಲೇ ಇದ್ದೇನೆ’ ಎಂದು ಒಂದು ದಿನ ಹೇಳಿ ನೋಡಿದರು. ಆ ದಿನ ಕೋಲನ್ನು ಬೇಗ ಒಳಗಿಟ್ಟರು. ಕೊನೆಗೆ ನಿಂತದ್ದು ಇದು: “ಸದ್ಯಕ್ಕೆ ಖಾಲಿ ಇದ್ದೇನೆ. ಸರಿಯಾದದ್ದು ಸಿಕ್ಕಿದ್ರೆ ನಾಳೆಯೇ ಸೇರ್ತೇನೆ.” ಖಾಲಿ ಎನ್ನುವಲ್ಲಿ ಬೈರಾಸು ಬೀಳುತ್ತಿತ್ತು. ಎಷ್ಟೋ ಸಂಜೆ ಅದೊಂದು ಶಬ್ದದ ಮೇಲೆಯೇ ಕಳೆಯಿತು.

ಒಂದು ದಿನ ಲಿಫ್ಟಿನಲ್ಲಿ ಆಂಟಿ ನನ್ನೊಬ್ಬನನ್ನೇ ಹಿಡಿದರು. “ನೀನು ಅವನ ಸ್ವರ ತೆಗೆಯುದು ಭಾರೀ ಚಂದ ಆಗ್ತದೆ ಅಂತೆ. ಸ್ವಲ್ಪ ಕಮ್ಮಿ ಚಂದ ಮಾಡು, ಆಯ್ತಾ? ಇವರು ಮೇಲೆ ಬಂದು ಊಟಕ್ಕೆ ಕೂತಾಗ, ಇವತ್ತು ಅವನ ಹತ್ರ ಮಾತಾಡಿದೆ ಅಂತ ಹೇಳ್ತಾರೆ.”

ಅಷ್ಟರಲ್ಲಿ ಸೊಸೈಟಿಯ ಸಭೆಯಲ್ಲಿ ಹಸಿರು ಹಾಸು ತೆಗೆದು ಪಿಕಲ್‌ಬಾಲ್ ಅಂಕಣ ಮಾಡುವ ಮಾತು ಬಂತು. ಅದೇನು ಉಪ್ಪಿನಕಾಯಿಯ ಆಟವೋ ಎಂದು ಅಪ್ಪ ನನ್ನ ಕಿವಿಯಲ್ಲಿ ಕೇಳಿದರು. ಅಂಕಲ್ ಎದ್ದು ನಿಂತು, “ಮುಂದಿನ ಸಂಡೇ ಒಂದು ಕಳೀಲಿ. ಆಮೇಲೆ ಬೇಕಾದ್ದು ಮಾಡಿ,” ಎಂದರು. ಯಾವ ಸಂಡೇ ಎಂದು ಸೆಕ್ರೆಟರಿ ಮೂಗಿನಿಂದ ಕೇಳಿದರು. ಎಲ್ಲರೂ ನಕ್ಕರು. ಮೂಗಿನ ಮಾತು ಬಂದಾಗ ನಾನು ನಗದಿರುವುದು ಹೇಗೆ, ನಾನೂ ನಕ್ಕೆ.

ಆ ಸಂಡೇ ಬಂದೇಬಂತು.

ಅಪ್ಪನ ಹಳೆಯ ಕಾರಿನಲ್ಲಿ ಥಾಣೆ–ಬೇಲಾಪುರ ರಸ್ತೆ ಹಿಡಿದು ಹೊರಟೆವು. ಗಾಲ್ಫಿನವರಿಗೆ ಆಳುದ್ದದ ಚೀಲ ಇರುತ್ತದೆ. ಇವರ ಪಟರ್ ಕೊಡೆಯ ಕವರಿನಲ್ಲಿತ್ತು. ಐರೋಲಿ ದಾಟುವಾಗ ಒಮ್ಮೆ, ತುರ್ಭೆ ದಾಟುವಾಗ ಒಮ್ಮೆ ಉತ್ತರವನ್ನು ಹೇಳಿಕೊಂಡರು. ಖಾಲಿ ಎನ್ನುವಲ್ಲಿ ಸ್ವರ ಅಲುಗಲಿಲ್ಲ.

ಸಂಡೇ ಸಾಹೇಬರು ಕ್ಲಬ್ಬಿನ ಜಗಲಿಯಲ್ಲಿ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. “ಅರೇ ದೋಸ್ತಾ! ಗಾಲ್ಫ್ ಬಿಟ್ಟೆ ಮಾರಾಯಾ. ಡಾಕ್ಟರ್ ಮನಾ ಮಾಡಿದ್ದಾರೆ. ಈಗ ಸಂಡೇ ಬಂದು ಇಡ್ಲಿ ತಿಂದು ಹೋಗೋದು, ಬಸ್.” ಎದ್ದು ಇವರನ್ನು ತಬ್ಬಿಕೊಂಡರು. ಕೆಟ್ಟ ಮನುಷ್ಯರಲ್ಲ. ಕೊಡೆಯ ಕವರು ನೋಡಿ, “ಓಹೋ, ತಯ್ಯಾರಿ ಮಾಡ್ಕೊಂಡೇ ಬಂದಿದ್ದೀಯಾ! ತೋರಿಸು ತೋರಿಸು,” ಎಂದು ಜಗಲಿಯ ಮುಂದಿನ ಅಭ್ಯಾಸದ ಹುಲ್ಲಿನ ಕಡೆ ಕೈ ತೋರಿಸಿದರು.

ಅದು ನಿಜವಾದ ಹುಲ್ಲು. ಅಂಕಲ್ ಬಾಗಿ ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿದರು. ಮೊದಲ ಚೆಂಡು ಗುಳಿಯ ಬಲಕ್ಕೆ ಹೋಯಿತು. ಎರಡನೆಯದೂ ಬಲಕ್ಕೆ, ಅಷ್ಟೇ ದೂರ. ನನಗೆ ಆಗ ಹೊಳೆಯಿತು: ನಮ್ಮ ಪೋಡಿಯಮ್ಮಿಗೆ ಮಳೆನೀರು ಹರಿದು ಹೋಗಲೆಂದು ಎಡಕ್ಕೆ ಇಳಿಜಾರು ಕೊಟ್ಟಿದ್ದಾರೆ. ಇಷ್ಟು ತಿಂಗಳು ಅವರ ಕೈ ಕಲಿತದ್ದು ಗಟಾರದ ಇಳಿಜಾರನ್ನು. ಅವರಿಗೂ ಹೊಳೆದಿರಬೇಕು, ತಲೆಯಾಡಿಸಿ ಕಾಲನ್ನು ಒಂದು ಎಳೆಯಷ್ಟು ಸರಿಸಿದರು. ಸಾಹೇಬರು ನೋಡುತ್ತಿರಲಿಲ್ಲ, ಫೋನಿನಲ್ಲಿದ್ದರು. ಫೋನು ಕೆಳಗಿಟ್ಟು, ಜಗಲಿಯ ಕಂಬಕ್ಕೆ ಒರಗಿದ್ದ ನನ್ನನ್ನು ಆಗಷ್ಟೇ ಕಂಡವರ ಹಾಗೆ ನೋಡಿದರು. ಅಂಕಲ್ ಮೂರನೆಯ ಚೆಂಡಿಗೆ ಕೋಲು ಹಿಂದೆ ತೆಗೆಯುತ್ತಿದ್ದರು. ಸಾಹೇಬರು ಗಂಟಲು ಸರಿಮಾಡಿದರು.

“ಮತ್ತೆ? ಈಗ ಎಲ್ಲಿದ್ದೀಯಾ?”

ಕೇಳಿದ್ದು ನನ್ನನ್ನು.

ತಲೆ ಎತ್ತಿದ್ದರೆ ಅವರಿಗೆ ಗೊತ್ತಾಗುತ್ತಿತ್ತು. ತಲೆ ಎತ್ತದಿರುವುದನ್ನು ಕಲಿತಿದ್ದರಲ್ಲ. ಕೋಲು ಮುಂದೆ ಬಂತು, ತೋಳು ಮೈಬಿಡಲಿಲ್ಲ. ಹುಲ್ಲನ್ನೇ ನೋಡುತ್ತ ನಿಧಾನವಾಗಿ, ಸ್ಪಷ್ಟವಾಗಿ ಹೇಳಿದರು: “ಸದ್ಯಕ್ಕೆ ಖಾಲಿ ಇದ್ದೇನೆ. ಸರಿಯಾದದ್ದು ಸಿಕ್ಕಿದ್ರೆ ನಾಳೆಯೇ ಸೇರ್ತೇನೆ.”

ಟೊಳಕ್ ಎಂದಿತು ಗುಳಿ.

“ನಿನಗಲ್ಲ ಮಾರಾಯಾ,” ಎಂದು ಸಾಹೇಬರು ನಕ್ಕರು. “ನಿಂದು ರಿಟೈರ್‌ಮೆಂಟ್ ಲೈಫು, ಮಜಾ ಮಾಡು. ಈ ಹುಡುಗನಿಗೆ ಕೇಳಿದ್ದು.” ನಾನು ಐರೋಲಿ ಎಂದು ಗೊಣಗಿದೆ. ಯಾರ ಸ್ವರದಲ್ಲಿ ಎಂದು ನೆನಪಿಲ್ಲ. “ನಮ್ಮಲ್ಲಿ ಯಂಗ್ ಹುಡುಗರು ಬೇಕು ಯಾರ್. ಸೀವಿ ಕಳಿಸು,” ಎಂದು ಜೇಬಿನಿಂದ ಕಾರ್ಡು ತೆಗೆದು ನನ್ನ ಕೈಗಿಟ್ಟರು. ಆಮೇಲೆ ಮೂವರೂ ಇಡ್ಲಿ ತಿಂದೆವು. ಸಾಂಬಾರಿಗೆ ಬೆಲ್ಲ ಹೆಚ್ಚಾಗಿತ್ತು. ನಮ್ಮ ಹೋಟೆಲಿನಲ್ಲಿ ಹಾಗೆ ಮಾಡುವುದಿಲ್ಲ ಎಂದು ನಾನು ಎರಡು ಸಲ ಹೇಳಿದೆ.

ಬರುವಾಗ ಅಂಕಲ್ ಕೊಡೆಯ ಕವರನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ರಬಾಳೆಯಲ್ಲಿ ಸಿಗ್ನಲ್ಲಿಗೆ ನಿಂತಾಗ, “ಕಳಿಸು. ಒಳ್ಳೇ ಕಂಪನಿ ಅದು,” ಎಂದರು. ಮನಸಿನಿಂದಲೇ ಹೇಳಿದರು. ನಾನು ಕಳಿಸಲಿಲ್ಲ. ಇದು ತ್ಯಾಗವಲ್ಲ, ನನ್ನ ಸೀವಿಯಲ್ಲಿ ಮಿಮಿಕ್ರಿ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಮುಂದಿನದು ಊರಿಗೆಲ್ಲ ಗೊತ್ತಿರುವುದೇ. ಹಸಿರು ಹಾಸು ಹೋಯಿತು. ಅದರ ಮುಂದಿನ ಬೇಸಿಗೆಯಲ್ಲಿ ಅವರ ಫ್ಲ್ಯಾಟೂ ಹೋಯಿತು. ಕಂತು ಕಟ್ಟಲು ಆಂಟಿಯ ಸಂಬಳವೊಂದೇ ಸಾಲದಾಗಿತ್ತು. ಟಿಟ್ವಾಳಾದಲ್ಲಿ ಸಣ್ಣ ಮನೆ ಹಿಡಿದರು. ಟೆಂಪೊ ಹೊರಡುವಾಗ ನಾನು ಪಟರ್ ಎಲ್ಲಿ ಎಂದು ಕೇಳಿದೆ. “ಲಾಫ್ಟಲ್ಲಿ ಬಿಟ್ಟಿದ್ದೇನೆ. ಅಲ್ಲಿಯ ಮನೆಗೆ ಲಾಫ್ಟೇ ಇಲ್ಲ,” ಎಂದರು. ಆಂಟಿ ಈಗ ಥಾಣೆಯ ಶಾಲೆಗೆ ಅಲ್ಲಿಂದ ಬರುತ್ತಾರಂತೆ. ಮುಂಬಯಿಯ ಕಡೆಯ ಲೋಕಲ್ಲು. ವಿಂಡೋ ಸೀಟಿನ ಮಾತೇ ಇಲ್ಲ.

ಆದರೆ ಗೋಟಿ ಕಾಕಾ ಎಂದು ಯಾರಾದರೂ ಅಂದಾಗ ನನಗೆ ಟೆಂಪೊ ಕಾಣುವುದಿಲ್ಲ, ಆ ಕ್ಲಬ್ಬೂ ಕಾಣುವುದಿಲ್ಲ. ಕಾಣುವುದು ಅದೇ ಭಾನುವಾರದ ಸಂಜೆ.

ಅಪ್ಪನನ್ನು ಹೋಟೆಲಿನಿಂದ ಕರೆತಂದು ನಾನು ಕಾರು ನಿಲ್ಲಿಸಿ ಬರುವಾಗ ಅಂಕಲ್ ಪೋಡಿಯಮ್ಮಿನ ಮೇಲೆ ಒಬ್ಬರೇ ಇದ್ದರು. ಬೈರಾಸು ಕಂಕುಳಲ್ಲಿತ್ತು. ಕಾಲನ್ನು ಮತ್ತೆ ಹಳೆಯ ಜಾಗಕ್ಕೆ, ಗಟಾರದ ಇಳಿಜಾರಿಗೆ ಹೊಂದಿಸಿಕೊಂಡಿದ್ದರು.

“ಒಮ್ಮೆ ಕೇಳು,” ಎಂದರು.

“ಬೇಡ ಅಂಕಲ್.”

“ಕೇಳು ಮಾರಾಯ. ಒಂದೇ ಸಲ.”

ನಾನು ಗಂಟಲು ಸರಿಮಾಡಿದೆ. ಅರೇ ದೋಸ್ತಾ ಎಂದೆ. ಮತ್ತೆ, ಈಗ ಎಲ್ಲಿದ್ದೀಯಾ ಎಂದು ಕೇಳಿ, ಬಾಲವನ್ನು ಎಳೆದು ಅಲ್ಲೇ ಬಿಟ್ಟೆ. ಅಷ್ಟು ಚೆನ್ನಾಗಿ ಆ ಸ್ವರ ನನಗೆ ಹಿಂದೆಂದೂ ಬಂದಿರಲಿಲ್ಲ. ಬೆಳಿಗ್ಗೆಯಷ್ಟೇ ಅಸಲಿಯನ್ನು ಕೇಳಿ ಬಂದಿದ್ದೆನಲ್ಲ.

“ಸದ್ಯಕ್ಕೆ ಖಾಲಿ ಇದ್ದೇನೆ. ಸರಿಯಾದದ್ದು ಸಿಕ್ಕಿದ್ರೆ ನಾಳೆಯೇ ಸೇರ್ತೇನೆ.”

ಚೆಂಡು ಇಳಿಜಾರಿನಲ್ಲಿ ಬಾಗಿ ಹೋಗಿ ಒಳಗೆ ಬಿತ್ತು. ಟೊಳಕ್. ಸದ್ದು ಕೇಳಿದ ಮೇಲೆ ತಲೆ ಎತ್ತಬಹುದು, ಅದು ಅವರದೇ ನಿಯಮ. ಅವರು ಎತ್ತಲಿಲ್ಲ. ಚೆಂಡು ಇದ್ದ ಜಾಗವನ್ನೇ ನೋಡುತ್ತ, ಮುಂದಿನ ಮಾತು ಬರಲಿಕ್ಕಿದೆ ಎಂಬ ಹಾಗೆ ಕಿವಿ ಕೊಟ್ಟು ನಿಂತರು. ನನಗೆ ತಡೆಯಲಾಗಲಿಲ್ಲ. ಅದೇ ಸ್ವರದಲ್ಲಿ, ಅದೇ ಬಾಲ ಎಳೆದು ಹೇಳಿದೆ:

“ಹಾಗಾದ್ರೆ ನಾಳೆಯಿಂದ್ಲೇ ಬಾ ಯಾರ್. ನಮ್ಮಲ್ಲಿ ಜಾಗ ಉಂಟು.”

ಅವರು ಗುಳಿಯಿಂದ ಚೆಂಡನ್ನು ತೆಗೆದು ಜೇಬಿಗೆ ಹಾಕಿದರು. ಆಮೇಲೆ ಬೈರಾಸನ್ನು ತೆಗೆದು, ಮಡಿಸಿ, ಹೆಗಲಿಗೆ ಹಾಕಿಕೊಂಡರು.

“ಇಷ್ಟರವರೆಗೆ ಸರಿ ಇತ್ತು,” ಎಂದರು. “ಇದು ಅವನ ಸ್ವರ ಅಲ್ಲ. ಈಗ ನಿನ್ನದೇ ಆಯ್ತು.”